ಬೆಕ್ಕಿಗೆ ಹರ್ಪಿಸ್ ನೆಗಡಿ: ಮರಿ ಕಣ್ಣು ಬಿಡುತ್ತಿಲ್ಲ, ಊಟ ಮುಟ್ಟುತ್ತಿಲ್ಲ. ಮನೆಯಲ್ಲಿ ಏನು ಮಾಡಬಹುದು?

ಗುಂಡನ_ಅಮ್ಮ · ಸೋಮವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯಲೇಬೇಕಾಗಿದೆ.

12 ದಿನದ ಹಿಂದೆ ನಮ್ಮ ಅಪಾರ್ಟ್‌ಮೆಂಟಿನ ಜನರೇಟರ್ ಹಿಂದೆ ಒಂದು ಮರಿ ಸಿಕ್ಕಿತು. ಮೂರು ತಿಂಗಳಿರಬಹುದು. ಗುಂಡ ಅಂತ ಹೆಸರಿಟ್ಟಿದ್ದೇವೆ. ಹೆಸರಿಗಷ್ಟೇ ಗುಂಡ, ಅಡುಗೆಮನೆ ತಕ್ಕಡಿಯಲ್ಲಿ 1 ಕೆಜಿ 80 ಗ್ರಾಂ. ಬಂದ ಐದನೇ ದಿನ ಸೀನಲು ಶುರು ಮಾಡಿದ. ಈಗ ಮೂಗು ಪೂರ್ತಿ ಕಟ್ಟಿದೆ, ಬಲಗಣ್ಣು ಅಂಟಿಕೊಂಡಿದೆ, ಹಳದಿ ಪಿಸರು. ಇವತ್ತು ಬೆಳಗ್ಗೆಯಿಂದ ತಟ್ಟೆಯ ಹತ್ತಿರ ಹೋಗುತ್ತಾನೆ, ಮೂಸುತ್ತಾನೆ, ವಾಪಸ್ ಬರುತ್ತಾನೆ.

ಸಂಜೆ ಡಾಕ್ಟರ್ ಹತ್ತಿರ ಹೋಗಿದ್ದೆ. ಹರ್ಪಿಸ್ ವೈರಸ್ ಇರಬೇಕು ಅಂದರು. ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮತ್ತು ಒಂದು ಆಂಟಿಬಯೋಟಿಕ್ ಕಣ್ಣಿನ ಡ್ರಾಪ್ಸ್ ಬರೆದುಕೊಟ್ಟರು. "ಇದು ದೇಹದಿಂದ ಹೋಗಲ್ಲ, ಜೀವನಪೂರ್ತಿ ಇರುತ್ತೆ" ಅಂತಲೂ ಹೇಳಿದರು. ಆಟೋದಲ್ಲಿ ಮನೆವರೆಗೂ ಅಳುತ್ತಾ ಬಂದೆ.

ಮನೆಯಲ್ಲಿ ಇನ್ನೊಂದು ಬೆಕ್ಕಿದೆ, ಚಿನ್ನಿ, ಆರು ವರ್ಷ. ನಿನ್ನೆಯಿಂದ ಅವಳೂ ಸೀನುತ್ತಿದ್ದಾಳೆ. ತಂಗಿ ಬಸುರಿ, ಮುಂದಿನ ವಾರ ನಮ್ಮ ಮನೆಗೆ ಬರುವವಳಿದ್ದಾಳೆ. ಹರ್ಪಿಸ್ ಅಂದ ತಕ್ಷಣ ಅಮ್ಮ ಗಾಬರಿಯಾಗಿದ್ದಾರೆ. ಇದು ಮನುಷ್ಯರಿಗೆ ಬರುತ್ತಾ? ರಾತ್ರಿ ಮರಿಗೆ ಏನು ಮಾಡಲಿ?

ಕುಡ್ಲದ_ಮೀನಕ್ಕ · ಸೋಮವಾರ ರಾತ್ರಿ 11:05

ಮೊದಲು ಕಣ್ಣೀರು ಒರೆಸಿಕೊಳ್ಳಿ ಮಾರಾಯ್ರೆ. ನಮ್ಮ ಮನೆಯಲ್ಲಿ ಮೂರು ಬೆಕ್ಕಿಗೂ ಇದೇ ಕತೆ, ಮೂರೂ ಈಗ ಸೋಫಾ ಹರಿದುಕೊಂಡು ಆರಾಮಾಗಿವೆ.

ಊಟದ ವಿಷಯ ಮಾತ್ರ ಹೇಳುತ್ತೇನೆ, ಉಳಿದದ್ದು ತಿಳಿದವರು ಹೇಳಲಿ. ಬೆಕ್ಕು ಮೂಗಿನಿಂದ ಊಟ ಮಾಡುವ ಪ್ರಾಣಿ. ವಾಸನೆ ಬರದಿದ್ದರೆ ಎದುರಿಗೆ ಇರುವುದು ಊಟ ಅಂತಲೇ ಅದಕ್ಕೆ ಗೊತ್ತಾಗುವುದಿಲ್ಲ. ಗುಂಡ ಮೂಸಿ ವಾಪಸ್ ಬರುತ್ತಿರುವುದು ಹಸಿವಿಲ್ಲದೆ ಅಲ್ಲ. ಬಂಗುಡೆ ಸಿಕ್ಕರೆ ಒಂದು ತುಂಡು ಬರೀ ನೀರಲ್ಲಿ ಬೇಯಿಸಿ. ಉಪ್ಪು, ಹುಳಿ, ಖಾರ ಏನೂ ಬೇಡ. ಮುಳ್ಳು ಪೂರ್ತಿ ತೆಗೆದು, ಅದೇ ನೀರಲ್ಲಿ ಕಿವುಚಿ, ಉಗುರು ಬೆಚ್ಚಗೆ ಇರುವಾಗ ಮೂಗಿನ ಹತ್ತಿರ ಹಿಡಿಯಿರಿ. ಬೂತಾಯಿ ಆದರೆ ವಾಸನೆ ಇನ್ನೂ ಜೋರು, ಪಕ್ಕದ ಫ್ಲ್ಯಾಟಿನವರು ಬೈದರೆ ನನ್ನನ್ನು ಕೇಳಬೇಡಿ. ಫ್ರಿಜ್‌ನಿಂದ ತೆಗೆದ ತಣ್ಣನೆಯದಕ್ಕೆ ವಾಸನೆಯೇ ಇರುವುದಿಲ್ಲ. ಕೋಳಿ ಬೇಯಿಸಿದ ನೀರೂ ಆಗುತ್ತದೆ, ಆದರೆ ಈರುಳ್ಳಿ, ಬೆಳ್ಳುಳ್ಳಿ ಸೋಕಿರಬಾರದು. ಅವು ಬೆಕ್ಕಿನ ರಕ್ತಕಣ ಒಡೆಯುತ್ತವೆ. ಮನೆಯ ಸಾರಿನಿಂದ ಚೂರು ತೆಗೆದು ತೊಳೆದು ಕೊಡುವುದೂ ಬೇಡ.

ಎಡಿಸನ್_ಕನ್ನಡಿಗ · ಸೋಮವಾರ ರಾತ್ರಿ 11:30

ನಾನು ನ್ಯೂಜೆರ್ಸಿಯಲ್ಲಿದ್ದೇನೆ. ನಮ್ಮ ಬೆಕ್ಕಿಗೆ ನಾಲ್ಕು ವರ್ಷದಿಂದ ದಿನಾ ಲೈಸಿನ್ (ಒಂದು ಅಮೈನೋ ಆಮ್ಲ, ಪ್ರೋಟೀನಿನ ಅಂಶ) ಪುಡಿ ಕೊಡುತ್ತಿದ್ದೇನೆ. ಸೀನು ಶುರುವಾದಾಗ ಜಾಸ್ತಿ ಹಾಕುತ್ತೇನೆ, ಎರಡು ವಾರದಲ್ಲಿ ಕಡಿಮೆಯಾಗುತ್ತದೆ. ಭಾರತದಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ, ಇವತ್ತೇ ಆರ್ಡರ್ ಮಾಡಿ.

ಐದು_ಬೆಕ್ಕು_ಒಂದು_ಬಾಲ್ಕನಿ · ಮಂಗಳವಾರ ಬೆಳಗ್ಗೆ 6:15

ಮೈಸೂರಿನಿಂದ. ಬೀದಿ ಮರಿಗಳನ್ನು ತಂದು ಸಾಕಿ ಮನೆ ಹುಡುಕಿಕೊಡುವ ಕೆಲಸ ಎಂಟು ವರ್ಷದಿಂದ ಮಾಡುತ್ತಿದ್ದೇನೆ. ಬಂದ ಮರಿಗಳಲ್ಲಿ ಮೂಗು ಸೋರದೆ ಬಂದವು ಕಡಿಮೆ.

ಊಟಕ್ಕೆ ಮುಂಚೆ ಮೂಗು ಬಿಡಿಸಿ. ಈ ಕ್ರಮ ತಪ್ಪಿದರೆ ಬಂಗುಡೆಯೂ ದಂಡ. ಬಾತ್‌ರೂಮಿನ ಬಾಗಿಲು, ಕಿಟಕಿ ಮುಚ್ಚಿ ಗೀಸರ್ ನೀರು ಬಿಡಿ. ಹಬೆ ತುಂಬಿದ ಮೇಲೆ ಮರಿಯನ್ನು ತೊಡೆ ಮೇಲೆ ಕೂರಿಸಿಕೊಂಡು 10ರಿಂದ 15 ನಿಮಿಷ ಸುಮ್ಮನೆ ಕುಳಿತಿರಿ. ದಿನಕ್ಕೆ ಎರಡು ಮೂರು ಸಲ. ಬಿಸಿನೀರಿನ ಪಾತ್ರೆಯ ಮೇಲೆ ತಲೆ ಬಗ್ಗಿಸಿ ಬಟ್ಟೆ ಮುಚ್ಚುವುದು ನಮಗೆ ಸರಿ, ಬೆಕ್ಕಿಗಲ್ಲ. ಒದ್ದರೆ ಇಬ್ಬರೂ ಸುಟ್ಟುಕೊಳ್ಳುತ್ತೀರಿ. ಮನೆಯಲ್ಲಿ ಮಕ್ಕಳ ನೆಬ್ಯುಲೈಜರ್ ಇದ್ದರೆ ಬರೀ ಸಲೈನ್ ಹಾಕಿ. ಮರಿಯನ್ನು ಕ್ಯಾರಿಯರ್‌ನಲ್ಲಿ ಕೂರಿಸಿ, ಮೇಲೆ ಟವೆಲ್ ಹೊದಿಸಿ, ಪೈಪನ್ನು ಒಳಗೆ ಬಿಡಿ. ಗಾಳಿಗೆ ಒಂದು ಸಂದಿ ಇರಲಿ. ಅಜ್ಜನ ಆಸ್ತಮಾ ಔಷಧಿ ಮಾತ್ರ ಅದರಲ್ಲಿ ಉಳಿದಿರಬಾರದು.

ಹಬೆ ಆದ ಮೇಲೆ ಪಿಸರು ಮೆತ್ತಗಾಗಿರುತ್ತದೆ. ಹತ್ತಿಯನ್ನು ಬೆಚ್ಚಗಿನ ಸಲೈನ್‌ನಲ್ಲಿ ಅದ್ದಿ ಕಣ್ಣಿನ ಮೇಲೆ ಅರ್ಧ ನಿಮಿಷ ಇಡಿ. ಗಟ್ಟಿಯಾದದ್ದನ್ನು ಕೀಳಬೇಡಿ, ನೆನೆದರೆ ತಾನೇ ಬರುತ್ತದೆ. ಒಂದೊಂದು ಕಣ್ಣಿಗೂ ಬೇರೆ ಹತ್ತಿ, ಒಂದೊಂದು ಒರೆಸಿಗೂ ಹೊಸ ಹತ್ತಿ. ಮರಿಯನ್ನು ಹಳೆ ಕಾಟನ್ ಸೀರೆಯ ತುಂಡಿನಲ್ಲಿ ಕೂಸು ಸುತ್ತಿದ ಹಾಗೆ ಸುತ್ತಿಕೊಂಡರೆ ಪರಚುವುದಿಲ್ಲ. ಕಣ್ಣು ಚೊಕ್ಕ ಮಾಡಿದ ಮೇಲೆಯೇ ಡ್ರಾಪ್ಸ್. ಎರಡು ಥರ ಡ್ರಾಪ್ಸ್ ಇದ್ದರೆ ನಡುವೆ 5 ನಿಮಿಷ ಬಿಡಿ.

ಮೆಡಿಕಲ್ ಶಾಪಿನಲ್ಲಿ ಮಕ್ಕಳ ಸಲೈನ್ ಮೂಗಿನ ಡ್ರಾಪ್ಸ್ ಕೇಳಿದರೆ ಹಿಂದೆ ತಿರುಗಿಸಿ ಓದಿ. ಉಪ್ಪುನೀರು ಬಿಟ್ಟು ಇನ್ನೇನೂ ಇರಬಾರದು. ಮೂಗು ಬಿಡಿಸುವ ಆಕ್ಸಿಮೆಟಜೋಲಿನ್, ಝೈಲೋಮೆಟಜೋಲಿನ್ ಬಾಟಲಿಗಳು ನೋಡಲು ಹಾಗೇ ಇರುತ್ತವೆ. ಅವು ಬೇಡ.

ದಿನಾ ಒಂದೇ ಹೊತ್ತಿಗೆ ತೂಕ ನೋಡಿ ಬರೆದಿಡಿ. ತಿಂದ ಅಂತ ನಮಗೆ ಅನ್ನಿಸುವುದು ಬೇರೆ, ತಕ್ಕಡಿ ಹೇಳುವುದು ಬೇರೆ.

ಹಳೇಬೇರು · ಮಂಗಳವಾರ ಬೆಳಗ್ಗೆ 8:20

ನಮ್ಮ ಅಜ್ಜಿ ಕಣ್ಣಿಗೆ ನಂದಿಬಟ್ಟಲು ಹೂವಿನ ನೀರು ಬಿಡುತ್ತಿದ್ದರು. ಮೂಗಿಗೆ ಬಿಸಿನೀರಲ್ಲಿ ನಾಲ್ಕು ಹನಿ ನೀಲಗಿರಿ ಎಣ್ಣೆ. ಇಷ್ಟಕ್ಕೆಲ್ಲ ಇಂಗ್ಲಿಷ್ ಔಷಧಿ ಯಾಕೆ?

ದನದ_ಡಾಕ್ಟ್ರು · ಮಂಗಳವಾರ ಮಧ್ಯಾಹ್ನ 1:50

ಪಶುವೈದ್ಯ, ಹೆಬ್ಬಾಳದಲ್ಲಿ ಓದಿದವನು. ಹೆಸರು ಹಳೆಯದು, ಈಗ ದನಕ್ಕಿಂತ ಬೆಕ್ಕು ನಾಯಿ ನೋಡುವುದೇ ಜಾಸ್ತಿ. ನಿಮ್ಮ ಮರಿಯನ್ನು ನಾನು ನೋಡಿಲ್ಲ, ಅದನ್ನು ನೆನಪಿಟ್ಟುಕೊಂಡು ಓದಿ.

ಮೊದಲು ತಂಗಿಯ ವಿಷಯ. ಈ ವೈರಸ್ ಬೆಕ್ಕಿನ ಜಾತಿಯದ್ದು. ಮನುಷ್ಯರಿಗೆ ಬರುವುದಿಲ್ಲ, ನಾಯಿಗೂ ಇಲ್ಲ. ನಮ್ಮ ತುಟಿಯ ಮೇಲೆ ಜ್ವರದ ಗುಳ್ಳೆ ಏಳುತ್ತದಲ್ಲ, ಅದೂ ಒಂದು ಹರ್ಪಿಸ್. ಕುಟುಂಬ ಒಂದೇ, ಮನೆ ಬೇರೆ. ಬಸುರಿಯರು ಬೆಕ್ಕಿನ ಕಕ್ಕಸು ತೆಗೆಯಬಾರದು ಅನ್ನುವುದು ಟಾಕ್ಸೊಪ್ಲಾಸ್ಮಾ ಅನ್ನುವ ಬೇರೆ ಜೀವಿಗಾಗಿ. ಆ ಎಚ್ಚರ ಹೇಗೂ ಇರಲಿ.

"ಜೀವನಪೂರ್ತಿ ಇರುತ್ತೆ" ಅನ್ನುವ ಮಾತು ನಿಜ, ಆದರೆ ಕೇಳಿಸುವಷ್ಟು ಕೆಟ್ಟದ್ದಲ್ಲ. ನೆಗಡಿ ಇಳಿದ ಮೇಲೆ ವೈರಸ್ ಮುಖದ ನರದ ಗಂಟಿನಲ್ಲಿ ಹೋಗಿ ಮಲಗುತ್ತದೆ. ಸೋಂಕು ತಗಲಿದ ಬೆಕ್ಕುಗಳಲ್ಲಿ ಬಹುಪಾಲಿಗೆ ಹೀಗೇ. ಮೈಮನಸ್ಸಿಗೆ ಒತ್ತಡವಾದಾಗ ಏಳುತ್ತದೆ. ಮನೆ ಬದಲಿಸುವುದು, ಬೋರ್ಡಿಂಗ್‌ನಲ್ಲಿ ಬಿಡುವುದು, ಹೊಸ ಬೆಕ್ಕು ಬರುವುದು, ಮರಿ ಹಾಕಿ ಹಾಲೂಡಿಸುವುದು, ಸ್ಟೆರಾಯ್ಡ್ ಕೊಡುವುದು. ಒತ್ತಡವಾದ ದಿನವೇ ಅಲ್ಲ. ಸುಮಾರು 4ರಿಂದ 11 ದಿನ ಬಿಟ್ಟು ವೈರಸ್ ಹೊರಗೆ ಬರಲು ಶುರುವಾಗುತ್ತದೆ, ಒಂದೆರಡು ವಾರ ಬರುತ್ತದೆ. ಹಾಗಾಗಿ ಜನಕ್ಕೆ ಕಾರಣ ಹೊಳೆಯುವುದೇ ಇಲ್ಲ. ನೆಂಟರು ಹೋಗಿ ವಾರವಾಯಿತು, ಈಗ ಯಾಕೆ ಸೀನುತ್ತಿದೆ ಅಂತ ಕೇಳುತ್ತಾರೆ.

ನಿಮ್ಮ ಮನೆಯ ಲೆಕ್ಕ ನೋಡಿ. ಹೊಸದಾಗಿ ತಗಲಿದರೆ 2ರಿಂದ 6 ದಿನದಲ್ಲಿ ಕಾಣಿಸುತ್ತದೆ. ಗುಂಡ ಐದನೇ ದಿನ ಸೀನಿದ. ಹೊರಗಿಂದ ತಂದಿರಬಹುದು. ಚಿನ್ನಿ ಹನ್ನೊಂದನೇ ದಿನ. ಅವಳಿಗೆ ಮರಿಯಿಂದ ಬಂದಿರಬಹುದು, ಅಥವಾ ಹೊಸಬ ಬಂದ ಸಿಟ್ಟಿಗೆ ಅವಳೊಳಗೆ ಮಲಗಿದ್ದದ್ದೇ ಎದ್ದಿರಬಹುದು. ಯಾರಿಂದ ಯಾರಿಗೆ ಅಂತ ಹುಡುಕಿ ಪ್ರಯೋಜನವಿಲ್ಲ. ಪಿಸಿಆರ್ ಮಾಡಿಸಬೇಕಾ ಅಂತ ಕೆಲವರು ಕೇಳುತ್ತಾರೆ. ಆರೋಗ್ಯವಾಗಿರುವ ಬೆಕ್ಕಿನಲ್ಲೂ ಅದು ಪಾಸಿಟಿವ್ ಬರಬಹುದು. ಸಾಮಾನ್ಯ ನೆಗಡಿಗೆ ಆ ದುಡ್ಡು ಉಳಿಸಿಕೊಳ್ಳಿ.

ಒಂದು ಸಲ ಬಾಯಿ ತೆರೆದು ನಾಲಿಗೆ ನೋಡಿ. ಹುಣ್ಣಿದ್ದರೆ ಕ್ಯಾಲಿಸಿವೈರಸ್ (ಬೆಕ್ಕಿಗೆ ನೆಗಡಿ ತರುವ ಇನ್ನೊಂದು ವೈರಸ್) ಕಡೆಗೆ ಅನುಮಾನ ಜಾಸ್ತಿ. ಹರ್ಪಿಸ್‌ಗೆ ಕಣ್ಣೆಂದರೆ ಇಷ್ಟ.

ಈಗ ಮುಖ್ಯವಾದದ್ದು. ಬಾಯಿ ತೆರೆದು ಉಸಿರಾಡಿದರೆ ಆ ಕ್ಷಣವೇ ಆಸ್ಪತ್ರೆ. ಮೂರು ತಿಂಗಳ ಮರಿ 24 ಗಂಟೆ ಏನೂ ತಿನ್ನದಿದ್ದರೆ ಆಸ್ಪತ್ರೆ. ದೊಡ್ಡ ಬೆಕ್ಕಿಗೆ, ಅದರಲ್ಲೂ ದಪ್ಪ ಇರುವುದಕ್ಕೆ, ಎರಡು ಮೂರು ದಿನದ ಉಪವಾಸ ಲಿವರ್‌ಗೆ ಕೊಬ್ಬು ತುಂಬಿಸುತ್ತದೆ, ಅದು ನೆಗಡಿಗಿಂತ ದೊಡ್ಡ ಕಾಯಿಲೆ. ಕಣ್ಣು ಮಬ್ಬಾದರೆ, ನೀಲಿ ಅಥವಾ ಬಿಳಿ ಚುಕ್ಕೆ ಕಂಡರೆ, ಬೆಳಕಿಗೆ ಬಿಡಲಾಗದಿದ್ದರೆ ಮರುದಿನಕ್ಕೆ ಕಾಯಬೇಡಿ. ಮೂಗು ಮುಟ್ಟಿ ಜ್ವರ ಹೇಳಲು ಆಗುವುದಿಲ್ಲ. ಬೆಕ್ಕಿನ ಸಹಜ ಬಿಸಿಯೇ 100.5ರಿಂದ 102.5 ಫ್ಯಾರನ್‌ಹೀಟ್.

@ಹಳೇಬೇರು, ನೀಲಗಿರಿ ಎಣ್ಣೆ, ಕರ್ಪೂರ, ಎದೆಗೆ ಹಚ್ಚುವ ಬಾಮ್ ಯಾವುದೂ ಬೆಕ್ಕಿಗೆ ಆಗದು. ಮೈಮೇಲೆ ಬಿದ್ದದ್ದನ್ನು ಅದು ನೆಕ್ಕುತ್ತದೆ, ಅದರ ಲಿವರ್ ಇವನ್ನು ಕರಗಿಸಲಾರದು. ಹೂವಿನ ನೀರಿನಲ್ಲಿ ಧೂಳು, ಕ್ರಿಮಿ ಇರುತ್ತವೆ. ಹುಣ್ಣಾದ ಕಣ್ಣಿಗೆ ಅದು ಹೋದರೆ ಕಣ್ಣೇ ಹೋಗಬಹುದು.

ಓದುವವ_ಮಾತ್ರ · ಮಂಗಳವಾರ ಸಂಜೆ 5:10

ಬರೆಯಬಾರದು ಅಂದುಕೊಂಡಿದ್ದೆ. ಎರಡು ವರ್ಷದ ಹಿಂದೆ ನಮ್ಮ ಕೆಂಚನಿಗೆ ಇದೇ ಥರ ನೆಗಡಿ, ಮೈ ಸುಡುತ್ತಿತ್ತು. ಭಾನುವಾರ, ಕ್ಲಿನಿಕ್ ಇರಲಿಲ್ಲ. ಅಪ್ಪ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಮಾತ್ರೆಯ ಅರ್ಧ ಕೊಟ್ಟರು, ಪ್ರೀತಿಯಿಂದಲೇ. ಕೆಲವೇ ಗಂಟೆಯಲ್ಲಿ ಮುಖ ಊದಿಕೊಂಡಿತು, ವಸಡು ಕಂದು ಬಣ್ಣಕ್ಕೆ ತಿರುಗಿತು. ಸೋಮವಾರದವರೆಗೆ ಉಳಿಯಲಿಲ್ಲ. ಅಪ್ಪ ಇವತ್ತಿಗೂ ಆ ಡಬ್ಬ ತೆಗೆಯುವಾಗ ಮಾತಾಡುವುದಿಲ್ಲ.

ದನದ_ಡಾಕ್ಟ್ರು · ಮಂಗಳವಾರ ಸಂಜೆ 6:00

ಬರೆದದ್ದಕ್ಕೆ ಧನ್ಯವಾದ. ನಿಮ್ಮ ತಂದೆಯವರಂತೆ ಕೊಟ್ಟವರನ್ನು ನಾನು ತುಂಬಾ ಜನ ನೋಡಿದ್ದೇನೆ. ಮಗುವಿಗೆ ಕೊಡಬಹುದಾದದ್ದು ಬೆಕ್ಕಿಗೆ ಯಾಕೆ ಬೇಡ ಅಂತ ಯಾರಿಗೂ ಅನ್ನಿಸುತ್ತದೆ. ಪ್ಯಾರಾಸಿಟಮಾಲ್ ಕರಗಿಸುವ ದಾರಿ ಬೆಕ್ಕಿನ ಲಿವರ್‌ನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದು ಮಾತ್ರೆ ಸಾಕು ಕೊಲ್ಲಲು. ಐಬುಪ್ರೊಫೆನ್ ಕೂಡ ಬೇಡ. ತಪ್ಪಿ ಕೊಟ್ಟರೆ ಮುಚ್ಚಿಡದೆ ತಕ್ಷಣ ಕರೆದುಕೊಂಡು ಹೋಗಿ. ಬೇಗ ಸಿಕ್ಕರೆ ಅದಕ್ಕೆ ಪ್ರತಿಮದ್ದಿದೆ.

ಗುಂಡನ_ಅಮ್ಮ · ಮಂಗಳವಾರ ರಾತ್ರಿ 9:30

ಕೆಂಚನ ವಿಷಯ ಓದಿ ಕೈ ನಡುಗಿತು. ನಿನ್ನೆ ರಾತ್ರಿ ನಮ್ಮನೆಯವರು ಅದೇ ಮಾತು ಎತ್ತಿದ್ದರು.

ಹಬೆ ಮೂರು ಸಲ ಆಯಿತು. ನಾವು ಸಸ್ಯಾಹಾರಿಗಳು, ಕೆಳಗಿನ ಮನೆಯ ಆಂಟಿ ಬಂಗುಡೆ ಬೇಯಿಸಿಕೊಟ್ಟರು. ಹಬೆ ಆದ ತಕ್ಷಣ ಹಿಡಿದೆ. ಎರಡು ಚಮಚ ತಿಂದ! ರಾತ್ರಿ ಇನ್ನೊಂದು ಚಮಚ. ತೂಕ 1 ಕೆಜಿ 50. ಸಿರಿಂಜಿನಲ್ಲಿ ಹಾಕಬಹುದಾ?

ಐದು_ಬೆಕ್ಕು_ಒಂದು_ಬಾಲ್ಕನಿ · ಮಂಗಳವಾರ ರಾತ್ರಿ 9:50

ತಾನೇ ತಿನ್ನುತ್ತಿದ್ದರೆ ಸಿರಿಂಜ್ ಬೇಡ. ಮೂಗು ಕಟ್ಟಿರುವಾಗ ಬಾಯಿಗೆ ತುಂಬಿದರೆ ಉಸಿರಾಡುವುದು ಎಲ್ಲಿಂದ? ಶ್ವಾಸಕ್ಕೆ ಹೋಗಿ ನ್ಯುಮೋನಿಯಾ ಆದ ಮರಿಗಳನ್ನು ನೋಡಿದ್ದೇನೆ. ಡಾಕ್ಟರ್ ಹೇಳಿದರೆ ಮಾತ್ರ, ಮೂಗು ಬಿಡಿಸಿದ ಮೇಲೆ, ಕೆನ್ನೆಯ ಪಕ್ಕದಿಂದ, ಅರ್ಧ ಅರ್ಧ ಎಂಎಲ್. ನುಂಗಿದ್ದು ನೋಡಿಯೇ ಮುಂದಿನದು. ತಲೆ ಮೇಲಕ್ಕೆ ಎತ್ತಬೇಡಿ.

ಮತ್ತೆ ಡಾಕ್ಸಿಸೈಕ್ಲಿನ್ ಹಾಲಿನ ಜೊತೆ ಕೊಡಬೇಡಿ, ಹಾಲಿನ ಕ್ಯಾಲ್ಸಿಯಂ ಅದನ್ನು ಹಿಡಿದುಕೊಳ್ಳುತ್ತದೆ. ಮಾತ್ರೆ ರೂಪದಲ್ಲಿದ್ದರೆ ಒಣದಾಗಿ ನುಂಗಿಸಲೇಬೇಡಿ. ಬೆಕ್ಕಿನ ಅನ್ನನಾಳದಲ್ಲಿ ಅದು ಅಂಟಿಕೊಂಡು ಸುಟ್ಟು ಗಾಯ ಮಾಡುತ್ತದೆ, ಆಮೇಲೆ ನಾಳವೇ ಕಿರಿದಾಗುತ್ತದೆ. ಕೊಟ್ಟ ತಕ್ಷಣ 5 ಎಂಎಲ್ ನೀರು ಅಥವಾ ಒಂದು ತುತ್ತು ಊಟ.

ಅನುಮಾನ_ರಾಮ · ಬುಧವಾರ ಬೆಳಗ್ಗೆ 10:10

@ಎಡಿಸನ್_ಕನ್ನಡಿಗ, ಲೈಸಿನ್ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. 2015ರಲ್ಲಿ ಅದುವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದ ವರದಿ ಬಂತು. ಲೈಸಿನ್ ಬೆಕ್ಕಿನ ಹರ್ಪಿಸ್ ತಡೆಯುವುದೂ ಇಲ್ಲ, ಗುಣ ಮಾಡುವುದೂ ಇಲ್ಲ, ಕೊಡುವುದನ್ನು ನಿಲ್ಲಿಸಿ ಅಂತ ನೇರವಾಗಿಯೇ ಬರೆದಿದ್ದರು. ಆಶ್ರಯಧಾಮಗಳ ಬೆಕ್ಕುಗಳಲ್ಲಿ ನಡೆದ ಒಂದು ಅಧ್ಯಯನದಲ್ಲಿ ಲೈಸಿನ್ ತಿಂದವುಗಳಿಗೇ ಕಾಯಿಲೆ ಜಾಸ್ತಿಯಾಗಿತ್ತು. ನಿಮ್ಮ ಬೆಕ್ಕು ಎರಡು ವಾರದಲ್ಲಿ ಗುಣವಾಯಿತು ಅಂದಿರಿ. ಈ ನೆಗಡಿ ಇಳಿಯುವುದೇ ಎರಡು ವಾರಕ್ಕೆ ಅಲ್ವಾ?

ಎಡಿಸನ್_ಕನ್ನಡಿಗ · ಬುಧವಾರ ಸಂಜೆ 7:40

ನಮ್ಮ ಡಾಕ್ಟರೇ ಹೇಳಿದ್ದರು ಸ್ವಾಮಿ, ನಾನೇನು ಕನಸು ಕಂಡದ್ದಲ್ಲ. ಕೊಟ್ಟರೆ ನಷ್ಟವೇನು?

ದನದ_ಡಾಕ್ಟ್ರು · ಬುಧವಾರ ರಾತ್ರಿ 8:15

ಒಂದು ಕಾಲದಲ್ಲಿ ನಾನೂ ಬರೆದಿದ್ದೇನೆ, ಆದ್ದರಿಂದ ನಿಮ್ಮ ಡಾಕ್ಟರನ್ನು ದೂರಲಾರೆ. ಲೈಸಿನ್ ಜಾಸ್ತಿಯಾದರೆ ಅರ್ಜಿನಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲ ಕಡಿಮೆಯಾಗಿ ವೈರಸ್ ಬೆಳೆಯುವುದಿಲ್ಲ ಅನ್ನುವುದು ಆಗಿನ ತರ್ಕ. ಬೆಕ್ಕಿನ ಮೈಯಲ್ಲಿ ಹಾಗೆ ಆಗಲಿಲ್ಲ. ಆಗಿದ್ದರೆ ಇನ್ನೂ ಕಷ್ಟವಿತ್ತು, ಅರ್ಜಿನಿನ್ ಇಲ್ಲದೆ ಬೆಕ್ಕು ಬದುಕಲಾರದು. ನಷ್ಟ ಏನೆಂದರೆ, ಮೂಗು ಕಟ್ಟಿದ ಮರಿಗೆ ತಿನ್ನುವ ಎರಡು ಚಮಚದಲ್ಲೂ ಪುಡಿ ಬೆರೆಸಿದರೆ ಅದನ್ನೂ ಬಿಡುತ್ತದೆ.

ಬಚ್ಚಲೊಲೆ · ಗುರುವಾರ ಬೆಳಗ್ಗೆ 7:00

ಶಿರಸಿ ಕಡೆಯ ಹಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮಲ್ಲಿ ಬೆಕ್ಕಿನ ಡಾಕ್ಟರ್ ಅಂದರೆ ಜನ ನಗುತ್ತಾರೆ. ಹತ್ತಿರದ ಪಶು ಆಸ್ಪತ್ರೆ 14 ಕಿಲೋಮೀಟರ್, ಅಲ್ಲಿಯೂ ಎಮ್ಮೆ ಮೊದಲು.

ಹಬೆ ಅಂದಾಗ ಖುಷಿಯಾಯಿತು, ನಮ್ಮ ಬಚ್ಚಲಲ್ಲಿ ಹಂಡೆ ತುಂಬಾ ಕುದಿಯುವ ನೀರಿದೆ. ಕಳೆದ ಮಳೆಗಾಲದಲ್ಲಿ ಬೆಳ್ಳಿಗೆ ಮೂಗು ಕಟ್ಟಿದಾಗ ದಿನಾ ಬಚ್ಚಲಲ್ಲೇ ಕೂಡಿಹಾಕಿದೆ. ಗುಣವಾಗುವ ಬದಲು ಕೆಮ್ಮು ಶುರುವಾಯಿತು. ನಾಲ್ಕು ದಿನ ಬೇಕಾಯಿತು ನನಗೆ ತಿಳಿಯಲು. ಹಬೆಯ ಜೊತೆ ಒಲೆಯ ಹೊಗೆಯನ್ನೂ ಕುಡಿಸುತ್ತಿದ್ದೆ! ಹಸಿ ಕಟ್ಟಿಗೆ ಬೇರೆ. ಆಮೇಲೆ ಬಕೆಟ್ಟಿಗೆ ಬಿಸಿನೀರು ತೋಡಿಕೊಂಡು ಬಂದು ಸಣ್ಣ ಕೋಣೆಯಲ್ಲಿ, ಅದಕ್ಕೆ ಎಟುಕದ ಹಾಗೆ ಮಂಚದ ಆಚೆ ಇಟ್ಟೆ. ಸೊಳ್ಳೆ ಬತ್ತಿ ನಿಲ್ಲಿಸಿದೆ. ಸಂಜೆಯ ಧೂಪ, ಊದುಬತ್ತಿ ದೇವರ ಕೋಣೆಯಿಂದ ಈಚೆ ಬರದ ಹಾಗೆ ಬಾಗಿಲು ಹಾಕಿದೆ. ಎರಡು ದಿನದಲ್ಲಿ ಉಸಿರು ಹಗುರಾಯಿತು.

ಊಟದ ಕಷ್ಟ ಗುಂಡನ ಅಮ್ಮನಿಗಿಂತ ಜಾಸ್ತಿ. ನಮ್ಮ ಕೇರಿಯಲ್ಲಿ ಮೀನಿನ ವಾಸನೆಯೇ ಇಲ್ಲ. ಬೆಳ್ಳಿ ಹುಟ್ಟಿನಿಂದ ಹಾಲು ಅನ್ನ, ಇಲಿ. ಕೆಲಸಕ್ಕೆ ಬರುವವರು ಒಣಮೀನು ಕೊಟ್ಟರು. ಉಪ್ಪು ಅಂದರೆ ಉಪ್ಪು. ಎರಡು ಸಲ ನೀರಲ್ಲಿ ನೆನೆಸಿ ಚೆಲ್ಲಿ, ಬೇಯಿಸಿ, ಸ್ವಲ್ಪವೇ ಅನ್ನಕ್ಕೆ ಕಲಸಿದೆ. ಅತ್ತೆ ಹಿತ್ತಲಿಗೆ ಹೋಗಿ ನಿಂತರು. ಬೆಕ್ಕು ತಿಂದಿತು.

ಕುಡ್ಲದ_ಮೀನಕ್ಕ · ಗುರುವಾರ ಬೆಳಗ್ಗೆ 7:25

ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಒಣಮೀನು ಒಂದೆರಡು ದಿನದ ಮಟ್ಟಿಗೆ ಸರಿ, ಎಷ್ಟು ನೆನೆಸಿದರೂ ಉಪ್ಪು ಉಳಿಯುತ್ತದೆ. ಮುಂದಿನ ಸಲಕ್ಕೆ ಬೆಕ್ಕಿನ ಮೀನಿನ ಪೌಚ್ ನಾಲ್ಕು ತಂದಿಟ್ಟುಕೊಳ್ಳಿ. ಬಿಸಿನೀರಲ್ಲಿ ಪೌಚನ್ನೇ ಎರಡು ನಿಮಿಷ ಮುಳುಗಿಸಿದರೆ ಸಾಕು.

ಗುಂಡನ_ಅಮ್ಮ · ಗುರುವಾರ ರಾತ್ರಿ 10:15

ತುರ್ತು. ಊಟ ಪರವಾಗಿಲ್ಲ, ಸೀನು ಕಡಿಮೆ. ಆದರೆ ಬಲಗಣ್ಣು ತೆರೆದಾಗ ಕರಿಗುಡ್ಡೆಯ ಮೇಲೆ ಮಂಜು ಕವಿದ ಹಾಗಿದೆ. ಕಾಲಲ್ಲಿ ಉಜ್ಜುತ್ತಿದ್ದಾನೆ. ನಮ್ಮ ಮನೆಯಲ್ಲಿ ಚಿನ್ನಿಯದ್ದೇ ಹಳೆಯ ಕಣ್ಣಿನ ಡ್ರಾಪ್ಸ್ ಇದೆ, ಹೋದ ವರ್ಷ ಕಣ್ಣು ಕೆಂಪಾದಾಗ ಒಂದೇ ದಿನದಲ್ಲಿ ಇಳಿದಿತ್ತು. ಅದನ್ನು ಹಾಕಲಾ?

ದನದ_ಡಾಕ್ಟ್ರು · ಗುರುವಾರ ರಾತ್ರಿ 10:22

ಹಾಕಬೇಡಿ. ಬಾಟಲಿಯ ಮೇಲೆ ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಾಸೋನ್ ಇದೆಯಾ ನೋಡಿ. ಒಂದೇ ದಿನದಲ್ಲಿ ಕೆಂಪು ಇಳಿಸುವುದು ಹೆಚ್ಚಾಗಿ ಈ ಸ್ಟೆರಾಯ್ಡ್‌ಗಳೇ. ಹರ್ಪಿಸ್ ಹುಣ್ಣಿಗೆ ಸ್ಟೆರಾಯ್ಡ್ ಬಿದ್ದರೆ ಬೆಂಕಿಗೆ ತುಪ್ಪ ಸುರಿದಂತೆ, ಕಣ್ಣಿನ ಪದರವೇ ಕರಗಬಹುದು. ರಾತ್ರಿ ತೆರೆದಿರುವ ಕ್ಲಿನಿಕ್ ಇದ್ದರೆ ಈಗಲೇ, ಇಲ್ಲದಿದ್ದರೆ ಬೆಳಗ್ಗೆ ಬಾಗಿಲು ತೆಗೆಯುವಾಗ ನೀವು ಅಲ್ಲಿರಬೇಕು. ಫ್ಲೋರೆಸಿನ್ ಬಣ್ಣ ಹಾಕಿ ನೋಡಿ ಅಂತ ಕೇಳಿ. ಹುಣ್ಣಿದ್ದ ಕಡೆ ಹಸಿರಾಗಿ ಹೊಳೆಯುತ್ತದೆ, ಎರಡು ನಿಮಿಷದ ಕೆಲಸ. ಉಜ್ಜದ ಹಾಗೆ ಕತ್ತಿಗೆ ಕೊರಳಪಟ್ಟಿ (ಮುಖದ ಸುತ್ತ ಅಗಲವಾಗಿ ನಿಲ್ಲುವ ಕೋನ್) ಹಾಕಿ.

ಗುಂಡನ_ಅಮ್ಮ · ಗುರುವಾರ ರಾತ್ರಿ 10:31

ಹೌದು, ಡೆಕ್ಸಾಮೆಥಾಸೋನ್ ಅಂತ ಇದೆ. ಕಸದ ಬುಟ್ಟಿಗೆ ಹಾಕಿದೆ. ಕೊರಳಪಟ್ಟಿ ಇಲ್ಲ.

ಐದು_ಬೆಕ್ಕು_ಒಂದು_ಬಾಲ್ಕನಿ · ಗುರುವಾರ ರಾತ್ರಿ 10:34

ನೂಡಲ್ಸ್ ಬರುವ ಪೇಪರ್ ಕಪ್ಪಿನ ತಳ ಕತ್ತರಿಸಿ, ಅಂಚಿಗೆ ಪ್ಲಾಸ್ಟರ್ ಸುತ್ತಿ, ಕೊರಳಿಗೆ ಸಡಿಲವಾಗಿ ಹಾಕಿ. ಎರಡು ಬೆರಳು ಒಳಗೆ ಹೋಗಬೇಕು. ಒಂದು ರಾತ್ರಿಗೆ ಸಾಕು.

ಗುಂಡನ_ಅಮ್ಮ · ಶುಕ್ರವಾರ ಮಧ್ಯಾಹ್ನ 2:00

ಹೋಗಿ ಬಂದೆವು. ಹಸಿರು ಹೊಳೆಯಿತು, ಮರದ ಕೊಂಬೆಯ ಥರ ಕವಲು ಕವಲಾಗಿ. ಹರ್ಪಿಸ್ ಹುಣ್ಣು ಹೀಗೇ ಇರುತ್ತದೆ ಅಂತ ತೋರಿಸಿದರು. ಆಂಟಿಬಯೋಟಿಕ್ ಡ್ರಾಪ್ಸ್ ದಿನಕ್ಕೆ ಆರು ಸಲ, ಜೊತೆಗೆ ವೈರಸ್ ತಡೆಯುವ ಫ್ಯಾಮ್‌ಸಿಕ್ಲೋವಿರ್ ಮಾತ್ರೆ, ತೂಕ ನೋಡಿ ಲೆಕ್ಕ ಹಾಕಿಕೊಟ್ಟರು. ಇದು ಮನುಷ್ಯರ ಮಾತ್ರೆಯಂತೆ. ಮೊದಲ ಅಂಗಡಿಯಲ್ಲಿ ಇರಲಿಲ್ಲ, "ಅದೇ ಕೆಲಸದ್ದು ಬೇರೆ ಇದೆ" ಅಂದರು.

ಧಾರವಾಡ_ಪೇಢಾ · ಶುಕ್ರವಾರ ಮಧ್ಯಾಹ್ನ 2:20

ತಗೋಬ್ಯಾಡ್ರಿ! ನನಗೂ ಇದೇ ಆಗಿತ್ತು. ಫ್ಯಾಮ್‌ಸಿಕ್ಲೋವಿರ್ ಚೀಟಿ ಕೊಟ್ಟರೆ ಅಂಗಡಿಯವರು ವ್ಯಾಲಾಸಿಕ್ಲೋವಿರ್ ಕೈಗಿಟ್ಟರು. ಎರಡೂ ಹರ್ಪಿಸ್‌ಗೇ ಅಂತ ಅವರ ಲೆಕ್ಕ. ಮನುಷ್ಯರಿಗೆ ಸರಿ ಇರಬಹುದು ನೋಡ್ರಿ. ಹೆಸರು ಹೊಂದಲಿಲ್ಲ ಅಂತ ನಮ್ಮ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಫೋನಿನಲ್ಲೇ ಕೂಗಿದರು.

ದನದ_ಡಾಕ್ಟ್ರು · ಶುಕ್ರವಾರ ಮಧ್ಯಾಹ್ನ 3:05

ಕೂಗಿದ್ದು ಸರಿ. ವ್ಯಾಲಾಸಿಕ್ಲೋವಿರ್ ಬೆಕ್ಕಿಗೆ ಪ್ರಾಣಾಂತಕ, ಮೂಳೆಮಜ್ಜೆ, ಲಿವರ್, ಕಿಡ್ನಿ ಮೂರನ್ನೂ ಕೆಡಿಸುತ್ತದೆ. ಅಸೈಕ್ಲೋವಿರ್ ಮಾತ್ರೆಯೂ ಬೇಡ, ಬೆಕ್ಕಿನ ಈ ವೈರಸ್ ಅದಕ್ಕೆ ಬಗ್ಗುವುದಿಲ್ಲ, ವಿಷ ಮಾತ್ರ ಉಳಿಯುತ್ತದೆ. ಕೊನೆಯಲ್ಲಿ "ಸಿಕ್ಲೋವಿರ್" ಇದ್ದ ಮಾತ್ರಕ್ಕೆ ಎಲ್ಲವೂ ಒಂದಲ್ಲ. ಮೊದಲ ಅಕ್ಷರ "ಫ್ಯಾ" ಇರಬೇಕು. ಡೋಸ್ ಇಲ್ಲಿ ಬರೆಯುವುದಿಲ್ಲ, ಯಾರೂ ಕೇಳಬೇಡಿ.

ಗುಂಡನ_ಅಮ್ಮ · ಶುಕ್ರವಾರ ಸಂಜೆ 6:45

ಮೂರನೇ ಅಂಗಡಿಯಲ್ಲಿ ಸರಿಯಾದದ್ದೇ ಸಿಕ್ಕಿತು. ಕಹಿ ಅಂದರೆ ಮಹಾ ಕಹಿ, ನೊರೆ ಕಕ್ಕಿದ. ಪುಡಿ ಮಾಡದೆ ತುಂಡನ್ನು ಪೌಚಿನ ಗಟ್ಟಿ ಭಾಗದಲ್ಲಿ ಉಂಡೆ ಕಟ್ಟಿ ಕೊಟ್ಟೆ, ಆಮೇಲೆ ನೀರು.

ಅಮ್ಮ ಇಡೀ ಮನೆ ಫಿನಾಯಿಲ್ ಹಾಕಿ ಒರೆಸುತ್ತಿದ್ದಾರೆ, ದಿನಕ್ಕೆ ಎರಡು ಸಲ. ಸರಿ ತಾನೆ?

ಐದು_ಬೆಕ್ಕು_ಒಂದು_ಬಾಲ್ಕನಿ · ಶುಕ್ರವಾರ ಸಂಜೆ 7:10

ಅಮ್ಮನ ಕೈಯಿಂದ ಮೆಲ್ಲಗೆ ಆ ಬಾಟಲಿ ತೆಗೆದುಕೊಳ್ಳಿ. ಫಿನಾಯಿಲ್, ಡೆಟಾಲ್ ಥರದ ಫೀನಾಲ್ ಜಾತಿಯವು ಬೆಕ್ಕಿಗೆ ವಿಷ. ನೆಲ ಒದ್ದೆ ಇದ್ದಾಗ ನಡೆಯುತ್ತದೆ, ಪಾದ ನೆಕ್ಕುತ್ತದೆ.

ಈ ವೈರಸ್ ಹೊರಗೆ ಬಡಪಾಯಿ. ತೇವದಲ್ಲಿ ಹೆಚ್ಚೆಂದರೆ 18 ಗಂಟೆ ಬದುಕುತ್ತದೆ, ಒಣಗಿದರೆ ಇನ್ನೂ ಬೇಗ ಸಾಯುತ್ತದೆ. ತಟ್ಟೆ, ಹಾಸಿಗೆ ಸೋಪಿನಲ್ಲಿ ತೊಳೆದು ಬಿಸಿಲಿಗೆ ಹಾಕಿದರೆ ಆಯಿತು. ಕ್ಯಾಲಿಸಿ ಆದರೆ ವಾರಗಟ್ಟಲೆ ಉಳಿಯುತ್ತದೆ, ಆ ಅನುಮಾನಕ್ಕೆ ನಾನು ಒಂದು ಲೀಟರ್ ನೀರಿಗೆ 30 ಎಂಎಲ್ ದ್ರವ ಬ್ಲೀಚ್ ಹಾಕುತ್ತೇನೆ. ಹತ್ತು ನಿಮಿಷ ಬಿಟ್ಟು, ನೀರಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಬೆಕ್ಕನ್ನು ಬಿಡುವುದು.

ಚಿನ್ನಿಯ ತಟ್ಟೆ, ನೀರು, ಕಕ್ಕಸಿನ ಟ್ರೇ ಬೇರೆ ಕೋಣೆಯಲ್ಲಿಡಿ. ಅವಳ ಕೆಲಸ ಮೊದಲು, ಗುಂಡನದು ಆಮೇಲೆ, ಕೊನೆಗೆ ಕೈ ತೊಳೆದು ನೈಟಿ ಬದಲಿಸಿ. ಇಬ್ಬರಿಗೂ ಸೋಂಕಿದ್ದರೂ ಹೀಗೇ ಮಾಡಿ. ಸೋಂಕಿಗಿಂತ ಅವಳ ಸಿಟ್ಟು ಇಳಿಯುವುದಕ್ಕೆ ಇದು ಬೇಕು. ಅವಳಿಗೆ ಬಚ್ಚಿಟ್ಟುಕೊಳ್ಳಲು ರಟ್ಟಿನ ಪೆಟ್ಟಿಗೆ, ಬೀರು ಮೇಲೆ ಒಂದು ಜಾಗ, ಅವಳ ಹಳೆಯ ಊಟದ ಹೊತ್ತು. ಹರ್ಪಿಸ್ ಮನೆಯಲ್ಲಿ ನಾನು ಇದಕ್ಕೇ ಜಾಸ್ತಿ ತಲೆಕೆಡಿಸಿಕೊಳ್ಳುವುದು, ಔಷಧಿಗಲ್ಲ.

ಗುಂಡನ_ಅಮ್ಮ · 18 ದಿನದ ನಂತರ

ತಡವಾಗಿ ಬರೆಯುತ್ತಿದ್ದೇನೆ, ತಂಗಿ ಬಂದಿದ್ದಳು. ಗುಂಡ 1 ಕೆಜಿ 310. ಹುಣ್ಣು ಮಾಯ್ದಿದೆ, ಮತ್ತೆ ಬಣ್ಣ ಹಾಕಿ ನೋಡಿದರು, ಹೊಳೆಯಲಿಲ್ಲ. ಒಂದು ಸಣ್ಣ ಬಿಳಿ ಕಲೆ ಉಳಿದಿದೆ, ನೋಟಕ್ಕೆ ತೊಂದರೆಯಿಲ್ಲವಂತೆ. ಚಿನ್ನಿಗೆ ಐದಾರು ದಿನ ಕಣ್ಣಲ್ಲಿ ನೀರು ಬಂತು, ಅಷ್ಟೇ. ಅವಳಿಗೆ ಆಂಟಿಬಯೋಟಿಕ್ ಕೊಡಲೇ ಇಲ್ಲ.

ಎರಡು ಪ್ರಶ್ನೆ. ಹೇಗೂ ವೈರಸ್ ಒಳಗಿದೆಯಲ್ಲ, ಲಸಿಕೆ ಯಾಕೆ? ಮತ್ತೆ ದೀಪಾವಳಿಗೆ ಇನ್ನು ಒಂಬತ್ತು ದಿನ. ನಮ್ಮ ಬೀದಿಯಲ್ಲಿ ಸರಪಟಾಕಿ.

ದನದ_ಡಾಕ್ಟ್ರು · ಅದೇ ದಿನ ರಾತ್ರಿ

ಚೆನ್ನಾಗಿ ತಿಂದು ಆಡುತ್ತಿರುವ ಬೆಕ್ಕಿಗೆ ನೀರಿನಂಥ ಸಿಂಬಳವಷ್ಟೇ ಇದ್ದರೆ ಹತ್ತು ದಿನದವರೆಗೆ ಆಂಟಿಬಯೋಟಿಕ್ ಇಲ್ಲದೆ ಕಾಯಬಹುದು. ಚಿನ್ನಿಗೆ ಕೊಡದಿದ್ದದ್ದು ಸರಿ.

ಲಸಿಕೆ ಹಾಕಿಸಿ. ಒಂದೇ ಚುಚ್ಚಿನಲ್ಲಿ ಹರ್ಪಿಸ್, ಕ್ಯಾಲಿಸಿ, ಪ್ಯಾನ್‌ಲ್ಯುಕೋಪೀನಿಯಾ ಮೂರೂ ಇರುತ್ತವೆ. ಮೂರನೆಯದು ಮರಿಗಳನ್ನು ಎರಡು ಮೂರು ದಿನದಲ್ಲಿ ಮುಗಿಸುವ ಕಾಯಿಲೆ, ಅದಕ್ಕಾದರೂ ಬೇಕು. ಹರ್ಪಿಸ್ ಮಟ್ಟಿಗೆ ಲಸಿಕೆ ಸೋಂಕನ್ನು ಪೂರ್ತಿ ತಡೆಯುವುದಿಲ್ಲ, ಒಳಗೆ ಮಲಗಿದ್ದನ್ನು ಓಡಿಸುವುದೂ ಇಲ್ಲ, ಬಂದಾಗ ಜೋರು ಕಡಿಮೆ ಮಾಡುತ್ತದೆ. ಚಿನ್ನಿ ಐದು ದಿನಕ್ಕೆ ಎದ್ದದ್ದಕ್ಕೆ ಅವಳ ಹಳೆಯ ಲಸಿಕೆಗೂ ಪಾಲಿರಬಹುದು. ಮರಿಗೆ 3ರಿಂದ 4 ವಾರಕ್ಕೊಮ್ಮೆ, ಕನಿಷ್ಠ 16 ವಾರದ ವಯಸ್ಸಿನವರೆಗೆ. ದೀಪಾವಳಿ ಕಳೆಯಲಿ, ಆರೋಗ್ಯ ನೋಡಿ ನಿಮ್ಮ ಡಾಕ್ಟರ್ ದಿನ ಹೇಳುತ್ತಾರೆ.

ಧಾರವಾಡ_ಪೇಢಾ · ಅದೇ ದಿನ ರಾತ್ರಿ

ಪಟಾಕಿಗೆ ನಾವು ಮಾಡೋದು ಹೇಳ್ತೀನ್ರಿ. ಬೀದಿಗೆ ದೂರದ ಕೋಣೆ. ಕಿಟಕಿಗೆ ಕಂಬಳಿ, ಫ್ಯಾನ್ ಜೋರು, ರೇಡಿಯೋ ಹಚ್ಚಿಡೋದು. ಕಪಾಟಿನ ಕೆಳಗಿನ ಅರ ಖಾಲಿ ಮಾಡಿ ಒಳಗೆ ನಮ್ಮ ಹಳೇ ಸ್ವೆಟರ್. ಇದನ್ನೆಲ್ಲಾ ಹಬ್ಬದ ದಿನ ಅಲ್ಲ, ಇವತ್ತಿನಿಂದಲೇ ರೂಢಿ ಮಾಡಿಸ್ರಿ. ಮುದ್ದು ಮಾಡಾಕ ಅಂತ ಎಳೆದು ಹೊರಗೆ ತೆಗೀಬ್ಯಾಡ್ರಿ. ಮತ್ತೆ ಹಬ್ಬ ಮುಗಿದ ಮೇಲೆ ಎರಡು ವಾರ ಸಲೈನ್ ಮನೆಯಲ್ಲಿ ಇರಲಿ. ಡಾಕ್ಟ್ರು ಹೇಳಿದ 4ರಿಂದ 11 ದಿನದ ಲೆಕ್ಕ ಕ್ಯಾಲೆಂಡರಿನಾಗ ಗುರುತು ಹಾಕಿಡ್ರಿ.

ಗುಂಡನ_ಅಮ್ಮ · ಅದೇ ದಿನ ರಾತ್ರಿ

ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಲ್ಲಿ ಬರೆದೆ. ತಂಗಿಯ ಸೀಮಂತದ ಪಕ್ಕದಲ್ಲೇ "ಗುಂಡ ಸೀನಬಹುದು" ಅಂತ ಇದೆ.

ಮೋತಿಯ_ಯಜಮಾನ · ಮರುದಿನ ಬೆಳಗ್ಗೆ

ನಮ್ಮ ನಾಯಿಗೂ ಮೂರು ದಿನದಿಂದ ಕೆಮ್ಮು. ಇದೇ ಫ್ಯಾಮ್ ಮಾತ್ರೆ ಅರ್ಧ ಕೊಡಬಹುದಾ?

ದನದ_ಡಾಕ್ಟ್ರು · ಮರುದಿನ ಬೆಳಗ್ಗೆ

ಕೊಡಬೇಡಿ. ಇದು ಬೆಕ್ಕಿನ ಎಳೆ. ಹೊಸ ಎಳೆ ಶುರು ಮಾಡಿ, ವಯಸ್ಸು, ಲಸಿಕೆ ಯಾವಾಗ ಹಾಕಿಸಿದ್ದು, ಊಟ ಹೇಗಿದೆ ಬರೆಯಿರಿ. ಮಧ್ಯಾಹ್ನ ನೋಡುತ್ತೇನೆ.